ಮೂರು ಪಕಾರಗಳ ಮೇಷ್ಟ್ರು

ಅವರ ಹೆಸರಿನಲ್ಲಿ ಮೂರು ಪಕಾರಗಳಿದ್ದವು. ಆ ಹೆಸರಿನ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅವರ ಬಗ್ಗೆ ಏನಾದರೂ ಬರೆಯಲೇ ಎಂದು ಫೋನಿನಲ್ಲಿ ಕೇಳಿದಾಗ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರ ಹೆಂಡತಿ ಹೇಳಿದರು: “ಬರಿಯವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ಹೆಸರು ಹಾಕಬ್ಯಾಡ. ಅಚ್ಚಿನವರು ಮತ್ತ ತಪ್ಪು ಮಾಡಿದ್ರಂದ್ರ ಏನು ಮಾಡೂದು?”

ಆ ‘ಮತ್ತ’ ನನಗೆ ತಾಗಿತು. ಹಿಂದಿನ ತಪ್ಪು ಮಾಡಿದವಳು ನಾನೇ.

ಮೇಷ್ಟ್ರು ಎಂದೆ, ಆದರೆ ಅವರು ಯಾವ ಶಾಲೆಯಲ್ಲೂ ಮೇಷ್ಟ್ರಾಗಿರಲಿಲ್ಲ. ಕುವೈತಿನ ಮೀನಾ ಅಲ್ ಅಹ್ಮದಿ ಕಡೆಯ ಒಂದು ಚಿಕ್ಕ ಖಾಸಗಿ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಬಾಟಲಿಗಳಲ್ಲಿ ಬರುವ ಎಣ್ಣೆಯ, ದ್ರಾವಕಗಳ ಮಾದರಿಗಳನ್ನು ಪರೀಕ್ಷಿಸಿ ಚೀಟಿ ಅಂಟಿಸುವ ಕೆಲಸ. ಅಬು ಹಲೀಫಾದಲ್ಲಿ ನಾವಿದ್ದ ಕಟ್ಟಡದಲ್ಲೇ, ನಮಗಿಂತ ಒಂದು ಮಹಡಿ ಮೇಲೆ ಇದ್ದರು. ಬಾಗಲಕೋಟೆ ಕಡೆಯವರು. ನಾವು ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರು. ಊರಿನಲ್ಲಿದ್ದಿದ್ದರೆ ಅವರ ಪರಿಚಯವಾಗುವ ಸಂಭವವೇ ಇರಲಿಲ್ಲ.

ಹನ್ನೊಂದನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ರಸಾಯನಶಾಸ್ತ್ರದಲ್ಲಿ ಫೇಲಾದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಮ್ಮ ಡ್ಯೂಟಿ ಮುಗಿಸಿ ಬರುವಾಗ ಲಿಫ್ಟಿನಲ್ಲಿ ಅಕ್ಕನ ಮುಂದೆ ಅದನ್ನು ಹೇಳಿಕೊಂಡರು. ಮುಂದಿನ ಶುಕ್ರವಾರ ಇಗರ್ಜಿಯಿಂದ ಬಂದು, ಊಟ ಮಾಡಿ, ಉತ್ತರಪತ್ರಿಕೆ ಹಿಡಿದುಕೊಂಡು ನಾನು ಮೇಲಿನ ಮಹಡಿಯ ಬಾಗಿಲು ತಟ್ಟಿದೆ. ಒಳಗೆ ಆಗಲೇ ಶಾಹಿದಾ ಕೂತಿದ್ದಳು. ಕೆಳಗಿನ ಮಹಡಿಯ ಬ್ಯಾರಿ ಹುಡುಗಿ, ನನ್ನದೇ ತರಗತಿ. ನಾನು ವರ್ಷಕ್ಕೆ ಆಡುವ ಮಾತನ್ನು ವಾರಕ್ಕೆ ಆಡುವವಳು.

“ಹೆಸರೇನವ್ವ?” ಎಂದರು ಅವರು.

ಹೇಳಿದೆ.

“ಕೇಳಿಸಲಿಲ್ಲ.”

ಮತ್ತೆ ಹೇಳಿದೆ. “ಗಟ್ಟಿ ಹೇಳು. ನಿನ್ನ ಹೆಸರು, ಯಾರಪ್ಪಂದೇನು?” ಎಂದು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಮೂರನೇ ಸಲ ಹೇಳಿದಾಗ ಅಡುಗೆಮನೆಯಿಂದ ಅಕ್ಕ, “ನನಗೂ ಕೇಳಿಸ್ತು, ಬಿಡ್ರಿ ಆ ಹುಡುಗೀನ್ನ” ಎಂದರು. ನಾನು ಅವರ ಹೆಸರು ಕೇಳಲಿಲ್ಲ. ದೊಡ್ಡವರ ಹೆಸರು ಕೇಳುವುದು ನಮ್ಮಲ್ಲಿ ರೂಢಿಯಲ್ಲ. ಸರ್ ಎಂದೆ. ಮುಂದಿನ ಎರಡು ವರ್ಷವೂ ಸರ್ ಎಂದೇ ಅಂದೆ.

ನನ್ನ ಉತ್ತರಪತ್ರಿಕೆಯನ್ನು ಅವರು ಕಣ್ಣಿನಿಂದ ಎರಡು ಗೇಣು ದೂರ ಹಿಡಿದು ಓದಿದರು. ಕೆಂಪು ಗೀಟುಗಳೆಲ್ಲ ಒಂದೇ ಕಡೆ ಇದ್ದವು: ಆಲ್ಡಿಹೈಡ್ ಮತ್ತು ಕೀಟೋನುಗಳಿಗೆ ಹೆಸರಿಡುವ ಪ್ರಶ್ನೆ. ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದಕ್ಕೆ ಆಮ್ಲಜನಕ ಎರಡು ಗೆರೆಗಳಿಂದ ಅಂಟಿಕೊಂಡಿರುತ್ತದೆ. ಆ ಜೋಡಿ ಸಾಲಿನ ತುದಿಯಲ್ಲಿದ್ದರೆ ಆಲ್ಡಿಹೈಡ್, ನಡುವೆ ಇದ್ದರೆ ಕೀಟೋನ್. ಸಾಲನ್ನು ಎಣಿಸಿ, ಆ ಜೋಡಿ ಎಷ್ಟನೆಯದೆಂದು ಹೇಳುವುದೇ ಹೆಸರಿನ ಅರ್ಧ ಭಾಗ. ನಾನು ‘ಪೆಂಟನ್-4-ಓನ್’ ಎಂದು ಬರೆದಿದ್ದೆ.

“ಎಲ್ಲಾನೂ ಎಡಗಡಿಂದs ಎಣಿಸೀಯಲ್ಲ, ಯಾಕ?”

“ಬರೆಯುವುದು ಎಡದಿಂದ ಅಲ್ವಾ ಸರ್.”

“ಸಾಲ್ಯಾಗ ಅರಬ್ಬಿ ಕಲಿಸಿಲ್ಲೇನು?”

“ಎಂಟನೇ ತರಗತಿವರೆಗೆ ಇತ್ತು.”

“ಮತ್ತ? ಎಂಟು ವರ್ಷ ಬಲಗಡಿಂದ ಓದಾಕ ಕಲತು, ಇಲ್ಲಿ ಮರತರ ಹೆಂಗ?” ಗೋಡೆಯ ಮೇಲಿದ್ದ ಸೂಪರ್ ಮಾರ್ಕೆಟ್ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಐದು ಇಂಗಾಲಗಳ ಸಾಲು ಬರೆದರು. ಎರಡೂ ಕೈಗಳ ತೋರುಬೆರಳನ್ನು ಸಾಲಿನ ಎರಡು ತುದಿಗಳಿಗೆ ಇಟ್ಟರು. “ಇದು ಕನ್ನಡದ ಬೆರಳು. ಇದು ಅರಬ್ಬಿ ಬೆರಳು. ಎರಡೂ ಹೊಂಟವು ನೋಡು.” ಎರಡು ಬೆರಳುಗಳೂ ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದವು. ಅರಬ್ಬಿ ಬೆರಳು ಎರಡನೇ ಹೆಜ್ಜೆಗೇ ಆಮ್ಲಜನಕದ ಕೆಳಗೆ ನಿಂತಿತು. ಕನ್ನಡದ ಬೆರಳು ಇನ್ನೂ ದಾರಿಯಲ್ಲಿತ್ತು. “ಯಾವುದು ಮೊದಲು ಮುಟ್ಟತೈತಿ, ಅದರ ನಂಬರ್ ಖರೆ. ಪೆಂಟನ್-2-ಓನ್. ಇಷ್ಟs.”

ಇಷ್ಟೇ. ಮೂರು ತಿಂಗಳು ಶಾಲೆಯಲ್ಲಿ ತಲೆಗೆ ಹತ್ತದ್ದು ಹತ್ತು ನಿಮಿಷದಲ್ಲಿ ಹತ್ತಿತು. ಈಗಲೂ ಇಂಥ ಸಾಲು ಕಂಡರೆ ಮೇಜಿನ ಕೆಳಗೆ ನನ್ನ ಎರಡು ಬೆರಳುಗಳು ಅಲುಗುತ್ತವೆ.

ಅವರ ಪಾಠದಲ್ಲಿ ಇಂಥವು ಬಹಳ. ಆಲ್ಡಿಹೈಡುಗಳ ಹೆಸರು ‘ಆಲ್’ ಎಂದು ಮುಗಿಯಬೇಕು: ಪ್ರೊಪನಾಲ್, ಬ್ಯೂಟನಾಲ್. ಶಾಹಿದಾ ಅದನ್ನು ಯಾವಾಗಲೂ ಮರೆಯುತ್ತಿದ್ದಳು. “ಅಲ್ ಮುಂದ ಬಂದ್ರ ಕುವೈತ್, ಹಿಂದ ಬಂದ್ರ ಆಲ್ಡಿಹೈಡ್” ಎಂದರು. ಅಂದಿನಿಂದ ಅವಳು ಮರೆಯಲಿಲ್ಲ. ಆದರೆ ಶಾಲೆಯ ಬಸ್ಸು ಹೋಗುವ ದಾರಿಯ ಬೋರ್ಡುಗಳನ್ನೆಲ್ಲ ತಿರುವಿ ಓದತೊಡಗಿದಳು. ‘ಅಹ್ಮದಿನಾಲ್ ಬಂತು ಮಾರಾಯ್ತಿ, ಇಳಿ’ ಎನ್ನುವಳು.

ಒಮ್ಮೆ ಅವಳು ಉಗುರಿನ ಬಣ್ಣ ತೆಗೆಯುವ ಬಾಟಲಿಯನ್ನು ಪುಸ್ತಕದ ಚೀಲದಲ್ಲೇ ತಂದಿದ್ದಳು. ಸರ್ ಅದನ್ನು ಎತ್ತಿ ಮೇಜಿನ ಮೇಲಿಟ್ಟರು.

“ಇದರಾಗ ಏನೈತಿ?”

“ಅಸಿಟೋನ್ ಅಂತ ಬರ್ದಿದೆ ಸರ್.”

“ಅದು ಮನ್ಯಾಗ ಕರಿಯೂ ಹೆಸರು. ಪಾಸ್‌ಪೋರ್ಟಿನಾಗಿರೂ ಹೆಸರು ಹೇಳು.”

“ಪ್ರೊಪನೋನ್.”

“ನಂಬರ್ ಎಲ್ಲಿ ಹೋತು?”

ಶಾಹಿದಾ ನನ್ನ ಮುಖ ನೋಡಿದಳು. ನನಗೆ ಗೊತ್ತಿತ್ತು. ಮೂರೇ ಇಂಗಾಲಗಳಿದ್ದಾಗ ನಡುವೆ ನಿಲ್ಲಲು ಇರುವುದು ಒಂದೇ ಜಾಗ. ಎಲ್ಲಿ ಎಂದು ಹೇಳುವ ಅಗತ್ಯವೇ ಇಲ್ಲ. ನಾನು ಬಾಯಿ ಬಿಡಲಿಲ್ಲ. ಅವರೇ ಹೇಳಿದರು. ಆಮೇಲೆ ಒಂದು ನಗು ನಕ್ಕು, ತಮ್ಮ ಲ್ಯಾಬಿನ ಈಜಿಪ್ಟಿನ ಯಜಮಾನನ ಬಾಯಲ್ಲಿ ಅದು ‘ಬ್ರೊಬನೋನ್’ ಆಗುತ್ತದೆ ಎಂದರು. ಅರಬ್ಬಿಯಲ್ಲಿ ಪಕಾರವಿಲ್ಲ. ಪೆಂಟನಾಲ್ ‘ಬೆಂಟನಾಲ್’, ಪೆಟ್ರೋಲ್ ‘ಬೆಟ್ರೋಲ್’. “ಮನುಷ್ಯಾ ಬಂಗಾರ. ಆದ್ರ ಅಂವಾ ಬಾಯಿ ತೆರದ್ನಂದ್ರ ಯಾವ ಬಾಟಲಿ ಕೇಳಾಕತ್ತಾನ ಅಂತ ನಾನು ಹಿಂದಕ್ಕ ಎಣಿಸಬೇಕು.”

“ನಿಮ್ಮನ್ನ ಎಂತ ಅಂತ ಕರೀತಾರೆ ಸರ್, ಅವರು?” ಎಂದಳು ಶಾಹಿದಾ.

“ಯಲ್ಲಾ ಅಂತಾರ, ಲಗೂ ಬಾ ಅಂತ. ಓಡಿ ಹೋಗತೇನಿ” ಎಂದು ಹೇಳಿ ಮುಂದಿನ ಹಾಳೆ ಹರಿದರು.

ಅವರ ಮನೆಯಲ್ಲಿ ಎಲ್ಲದಕ್ಕೂ ಚೀಟಿ ಇತ್ತು. ಅಕ್ಕನ ಅಡುಗೆಮನೆಯ ಡಬ್ಬಿಗಳ ಮೇಲೆ ಬಿಳಿ ಚೀಟಿ, ಮೊದಲು ಪೆನ್ಸಿಲ್ಲಿನಲ್ಲಿ ಬರೆದು ನೋಡಿ ಆಮೇಲೆ ಪೆನ್ನಿನಲ್ಲಿ ತಿದ್ದಿದ ದುಂಡು ಅಕ್ಷರ: ಜೋಳದ ಹಿಟ್ಟು, ಗುರೆಳ್ಳು ಪುಡಿ, ಶೇಂಗಾ ಚಟ್ನಿ. “ಉಪ್ಪಿನ ಡಬ್ಬಿ ಮ್ಯಾಲ ಉಪ್ಪು ಅಂತ ಬರದಾರಲ್ಲ, ಅದs ನನ್ನ ಪುಣ್ಯೇ” ಎಂದು ಅಕ್ಕ ನಮಗೆ ರೊಟ್ಟಿ ಬಡಿಸುತ್ತ ಹೇಳುವರು. “ಸೋಡಿಯಂ ಕ್ಲೋರೈಡ್ ಅಂತ ಬರಿಯಾಕ ನಿಂತಿದ್ರು ಇವರು.”

ಇವರು. ಅಕ್ಕನ ಬಾಯಲ್ಲಿ ಗಂಡನ ಹೆಸರು ಅದೊಂದೇ. ಶಾಹಿದಾ ಅದನ್ನೂ ಬಿಡಲಿಲ್ಲ.

“ಅಕ್ಕಾ, ಸರ್ ಹೆಸರು ಎಂತ? ಒಂದು ಸಲ ಹೇಳಿ, ಪ್ಲೀಸ್.”

“ಏ ಹೋಗ! ಗಂಡನ ಹೆಸರು ಹೇಳತಾರೇನು ಯಾರರ?”

“ಒಡಪಿನಾಗ ಹೇಳಬೌದಲ್ಲ” ಎಂದರು ಸರ್, ತಲೆ ಎತ್ತದೆ. ಒಡಪು ಎಂದರೆ ಅವರ ಕಡೆ ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಸೇರಿಸಿ ಹೇಳುವ ಪದ್ಧತಿ ಎಂದು ಅಕ್ಕ ನಮಗೆ ವಿವರಿಸಿದರು. “ಹೇಳೇನಿ ಒಮ್ಮೆ, ಮದುವಿ ದಿನ. ಬಾಗಿಲದಾಗ ಅಡ್ಡ ನಿಂತು ಹೇಳಿಸಿದ್ರು, ಇವರ ಅಕ್ಕ ತಂಗ್ಯಾರು. ಒಂದು ಜನ್ಮಕ್ಕ ಅಷ್ಟು ಸಾಕು.”

“ಇವರು ಅನ್ನೂದು ಕಾಮನ್ ನೇಮ್” ಎಂದರು ಸರ್. “ಎಲ್ಲಾರ ಗಂಡಂದಿರೂ ಇವರs. ಬಾಟಲಿ ಮ್ಯಾಲ ಬರಿಯಾಕ ಬರೂದಿಲ್ಲ.”

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ವಸ್ತುಗಳಿಗೆ ಸರಿಯಾದ ಹೆಸರಿರಬೇಕೆಂದು ಅಷ್ಟು ಹಟ ಹಿಡಿಯುತ್ತಿದ್ದವರ ಮನೆಯಲ್ಲಿ ಅವರದೇ ಹೆಸರು ಕೇಳಿಸುತ್ತಿರಲಿಲ್ಲ. ಹೆಂಡತಿ ಹೇಳುತ್ತಿರಲಿಲ್ಲ. ನಾವು ಸರ್ ಎನ್ನುತ್ತಿದ್ದೆವು. ಕಟ್ಟಡದ ಉಳಿದ ಕನ್ನಡದವರು ‘ಲ್ಯಾಬ್ ಸರ್’ ಎನ್ನುತ್ತಿದ್ದರು. ನಮ್ಮ ಫ್ಲ್ಯಾಟುಗಳ ಬಾಗಿಲ ಮೇಲೆ ನಂಬರು ಮಾತ್ರ ಇರುತ್ತದೆ.

ಅವರು ನನ್ನ ಮೇಲೆ ಸಿಟ್ಟಾದದ್ದು ಒಂದೇ ಸಲ. ಒಂದು ಶುಕ್ರವಾರ ಕವಲೊಡೆದ ಒಂದು ಸಾಲನ್ನು ಬರೆದು ಹೆಸರಿಡಲು ಹೇಳಿದರು. ಶಾಹಿದಾ ಅದರ ಕೆಳಗೆ ‘2-ಈಥೈಲ್ ಪ್ರೊಪನಾಲ್’ ಎಂದು ಬರೆದಳು. ತಪ್ಪು. ಅತಿ ಉದ್ದದ ಸಾಲನ್ನು ಹಿಡಿಯಬೇಕಿತ್ತು, ಅವಳು ಗಿಡ್ಡದನ್ನು ಹಿಡಿದಿದ್ದಳು. ಸರ್ ನನ್ನನ್ನು ನೋಡಿದರು. “ಸರಿ ಐತೇನು?” ಸ್ನೇಹಿತೆಯ ಮುಂದೆ ತಪ್ಪು ಎನ್ನಲು ನನಗೆ ಸಂಕೋಚವಾಯಿತು. ತಲೆ ತಗ್ಗಿಸಿದೆ. ಅವರು ಆ ಹಾಳೆಯನ್ನು ಹಾಗೇ ಗೋಡೆಗೆ ಅಂಟಿಸಿದರು.

ಮುಂದಿನ ಶುಕ್ರವಾರವೂ ಅದು ಅಲ್ಲೇ ಇತ್ತು. ನಾವಿಬ್ಬರೂ ಕೂತೆವು. ಅವರು ಪಾಠ ಶುರು ಮಾಡಲಿಲ್ಲ. ಕನ್ನಡಕ ಒರೆಸಿದರು. ಅಕ್ಕ ಚಹಾ ತಂದಿಟ್ಟು ಮೂವರ ಮುಖ ನೋಡಿ ಹೋದರು. ಕೊನೆಗೆ ನಾನು ಎದ್ದು, ಅದನ್ನು ಹೊಡೆದುಹಾಕಿ ‘2-ಮೀಥೈಲ್ ಬ್ಯೂಟನಾಲ್’ ಎಂದು ಬರೆದೆ.

“ಒಂದು ವಾರ ಗೊತ್ತಿತ್ತು ನಿನಗ” ಎಂದರು. ದನಿ ಏರಿರಲಿಲ್ಲ. “ಗೊತ್ತಿದ್ದಾವರು ಸುಮ್ನ ಕುಂತ್ರ ತಪ್ಪು ಹೆಸರು ತಪ್ಪಾಗಿ ಉಳಿಯೂದಿಲ್ಲವ್ವ. ಅದs ಹೆಸರಾಗಿ ಉಳೀತೈತಿ.”

“ನಂಗೆ ಬೇಜಾರಾಗ್ತಿರಲಿಲ್ಲ ಮಾರಾಯ್ತಿ” ಎಂದಳು ಶಾಹಿದಾ ಮೆಟ್ಟಿಲಿಳಿಯುವಾಗ. “ನೀನು ಹೇಳದೆ ಇದ್ದದ್ದಕ್ಕೇ ಆದದ್ದು.”

ಇನ್ನೊಂದು ಪಾಠ ನೆನಪಿಗೆ ಬರುತ್ತದೆ. ಒಂದೇ ಸಾಲಿನಲ್ಲಿ ಆಲ್ಡಿಹೈಡೂ ಕೀಟೋನೂ ಎರಡೂ ಇದ್ದರೆ ಏನು ಮಾಡುವುದು? ನಿಯಮದ ಪ್ರಕಾರ ಆಲ್ಡಿಹೈಡ್ ದೊಡ್ಡದು. ಹೆಸರಿನ ಕೊನೆಯ ಜಾಗ ಅದಕ್ಕೇ ಸಲ್ಲಬೇಕು. ಕೀಟೋನು ತನ್ನ ‘ಓನ್’ ಬಿಟ್ಟುಕೊಟ್ಟು, ‘ಆಕ್ಸೋ’ ಎಂಬ ಬೇರೆ ಹೆಸರಿನಲ್ಲಿ ಮುಂದೆಲ್ಲೋ ಸೇರಿಕೊಳ್ಳಬೇಕು. 3-ಆಕ್ಸೋಬ್ಯೂಟನಾಲ್.

“ಪಾಪ! ಎಂತ ಅನ್ಯಾಯ ಸರ್ ಇದು!” ಎಂದಳು ಶಾಹಿದಾ.

“ಅನ್ಯಾಯ ಏನಿಲ್ಲ. ದೊಡ್ಡಾವ ಇದ್ದಲ್ಲಿ ಸಣ್ಣಾವನ ಹೆಸರು ಬದಲಾಗತೈತಿ. ಒಳಗ ಇದ್ದದ್ದು ಎಲ್ಲಿತ್ತೋ ಅಲ್ಲೇ ಐತಿ, ನೋಡು ಬೇಕಾದ್ರ.” ಪೆನ್ನಿನ ಮುಚ್ಚಳ ಹಾಕುತ್ತ, ನಮಗಲ್ಲ ಎಂಬಂತೆ ಹೇಳಿದರು: “ನಮ್ಮ ಲ್ಯಾಬಿನಾಗ ನಾನೂ ಆಕ್ಸೋನs.” ನಾವು ನಕ್ಕೆವು. ನಮಗೆ ಅರ್ಥವಾಗಿರಲಿಲ್ಲ.

ಹನ್ನೆರಡನೇ ತರಗತಿ ಪಾಸಾಗಿ ನಾನು ಮಂಗಳೂರಿಗೆ ಹೋದೆ. ರಸಾಯನಶಾಸ್ತ್ರವನ್ನೇ ತೆಗೆದುಕೊಂಡು ಎಂ.ಎಸ್ಸಿ. ಮಾಡಿದೆ. ಶಾಹಿದಾ ಮದುವೆಯಾಗಿ ಶಾರ್ಜಾಕ್ಕೆ ಹೋದಳು. ನಾನು ಮತ್ತೆ ಕುವೈತಿಗೆ ಬಂದು ಒಂದು ಕಂಪನಿಯಲ್ಲಿ ದಾಖಲೆಗಳನ್ನು ತಾಳೆ ನೋಡುವ ಕೆಲಸಕ್ಕೆ ಸೇರಿದೆ; ಇತರರ ಅಕ್ಷರತಪ್ಪುಗಳನ್ನು ಹುಡುಕುವುದೇ ನನ್ನ ವೃತ್ತಿ. ಅಪ್ಪ ಅಮ್ಮ ಅದೇ ಕಟ್ಟಡದಲ್ಲಿದ್ದರು. ಸರ್ ಕೂಡ ಇದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಲಿಫ್ಟಿನಲ್ಲಿ ಸಿಕ್ಕರೆ ಎರಡು ತೋರುಬೆರಳು ಎತ್ತಿ ತೋರಿಸಿ ನಗುವರು. ನಾನೂ ನಗುತ್ತಿದ್ದೆ. ಅಷ್ಟೇ ಮಾತು.

ಆಮೇಲೆ ಅವರ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಮುಂದುವರಿಯುವುದಿಲ್ಲ, ಊರಿಗೆ ಹೊರಡುತ್ತಾರೆ ಎಂದು ಗೊತ್ತಾಯಿತು. ಕಟ್ಟಡದ ಕನ್ನಡದವರೆಲ್ಲ ಸೇರಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡರು. ನೆನಪಿನ ಕಾಣಿಕೆಯಾಗಿ ಮರದ ಫಲಕ, ಅದರ ಮೇಲೆ ಕನ್ನಡದಲ್ಲಿ ಹೆಸರು ಮತ್ತು ಎರಡು ಸಾಲು. ಬರೆಯುವ ಕೆಲಸ ನನಗೆ ಬಂತು. “ಇವಳು ಒಂದು ಕೊಂಬು ತಪ್ಪಿಸುವವಳಲ್ಲ” ಎಂದರು ಎಲ್ಲರೂ.

ಆಗ ನನಗೆ ಹೊಳೆಯಿತು, ಅವರ ಹೆಸರು ನನಗೆ ಗೊತ್ತಿಲ್ಲ.

ಕೇಳಬಹುದಿತ್ತು. ಒಂದು ಮಹಡಿ ಹತ್ತಿದ್ದರೆ ಆಗಿತ್ತು. ಆದರೆ ಎರಡು ವರ್ಷ ಅವರ ಮನೆಯ ರೊಟ್ಟಿ ತಿಂದವಳು ಹೋಗಿ ನಿಮ್ಮ ಹೆಸರೇನು ಎಂದು ಕೇಳುವುದು ಹೇಗೆ? ಫಲಕದ ವಿಷಯ ಗುಟ್ಟಾಗಿರಲಿ ಎಂದು ಉಳಿದವರು ಬೇರೆ ಹೇಳಿದ್ದರು. ಅವರ ಲ್ಯಾಬಿನ ಸಹೋದ್ಯೋಗಿಯೊಬ್ಬರು ಅವರ ಕಂಪನಿಯ ಕಾರ್ಡಿನ ಪ್ರತಿ ಕಳಿಸಿದರು. ಅದರಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಎರಡು ಸಲ ತಾಳೆ ನೋಡಿ, ಕನ್ನಡಕ್ಕಿಳಿಸಿ ಕೊಟ್ಟೆ. ಹೆಸರು ಸ್ವಲ್ಪ ವಿಚಿತ್ರವಾಗಿದೆ ಎನ್ನಿಸಿತ್ತು. ಉತ್ತರ ಕರ್ನಾಟಕದ ಹೆಸರು, ಇರಬಹುದು ಎಂದುಕೊಂಡೆ.

ಬೀಳ್ಕೊಡುಗೆಯ ದಿನ ಸಂಜೆ ಚಪ್ಪಾಳೆಗಳಾದ ಮೇಲೆ, ಎಲ್ಲರೂ ತಟ್ಟೆ ಹಿಡಿದು ಊಟದ ಕಡೆ ಹೋದಾಗ, ಅವರು ಒಬ್ಬರೇ ಸೋಫಾದ ಮೇಲೆ ಕೂತು ಫಲಕವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ನಾನು ನೀರು ಕೊಡಲು ಹೋದೆ. ಹೆಸರಿನ ಎಡತುದಿಯಲ್ಲಿ ಒಂದು ಬೆರಳು, ಬಲತುದಿಯಲ್ಲಿ ಒಂದು ಬೆರಳು. ಎರಡೂ ಮೆಲ್ಲಗೆ ಅಕ್ಷರಕ್ಕೊಂದು ಹೆಜ್ಜೆ ಇಡುತ್ತ ಬಂದು ನಡುವೆ ಕೂಡಿಕೊಂಡವು.

“ಎರಡೂ ಕಡಿಂದ ನೋಡಿದ್ನೆವ್ವ” ಎಂದರು. “ಯಾವ ಕಡಿಂದ ಬಂದರೂ ನಾ ಸಿಗವಲ್ಲೆ.”

ನನಗೆ ತಿಳಿಯಲಿಲ್ಲ. ಹತ್ತಿರ ಕೂತೆ. ಅವರೇ ಹೇಳಿದರು. ಬಂದ ವರ್ಷವೇ ಆಫೀಸಿನವರು ಹೆಸರನ್ನು ಅರಬ್ಬಿಯಲ್ಲಿ ಬರೆದುಕೊಂಡಿದ್ದರು. ಪ ಎಲ್ಲ ಬ ಆಯಿತು. ಸ್ವರಗಳು ಅಷ್ಟಿಷ್ಟು ಉದುರಿದವು. ಆಮೇಲೆ ಯಾರೋ ಅದನ್ನು ನೋಡಿಕೊಂಡು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕಾರ್ಡು ಮಾಡಿದರು. ಅಸಲಿ ಹೆಸರು ಇದ್ದದ್ದು ಪಾಸ್‌ಪೋರ್ಟಿನಲ್ಲಿ. ಪಾಸ್‌ಪೋರ್ಟ್ ಇದ್ದದ್ದು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಪಾಟಿನಲ್ಲಿ. “ಮೊದಲ ನಾಕು ಸಲ ತಿದ್ದಿಸಾಕ ಹೋದೆ. ಬುಕ್ರಾ ಅಂದ್ರು, ನಾಳಿ ಬಾ ಅಂದ್ರು. ಆಮ್ಯಾಲ ಬಿಟ್ಟೆ. ನನ್ನ ಹೆಸರಿನಾಗ ಒಂದೂ ಬ ಇಲ್ಲವ್ವ. ಇರೂ ಮೂರೂ ಪ.”

“ಸರ್, ನಾನು ಬೇರೆ ಮಾಡಿಸ್ತೇನೆ. ನಾಳೆಯೇ.”

“ಖಲಾಸ್, ಖಲಾಸ್. ನಾಳಿ ವಿಮಾನ ಐತಿ.” ಫಲಕವನ್ನು ಬಟ್ಟೆಯಲ್ಲಿ ಸುತ್ತಿದರು. ಆಮೇಲೆ, ನನ್ನ ಮುಖ ನೋಡಿರಬೇಕು, “ಅಕ್ಷರ ಭಾಳ ಛಂದ ಆಗ್ಯಾವ” ಎಂದರು.

ನಾನು ಯಾರಿಗೂ ಹೇಳಲಿಲ್ಲ. ತಪ್ಪಾಗಿದೆ ಎಂದು ಹೇಳಿದರೆ, ನನಗೆ ಅವರ ಹೆಸರೇ ಗೊತ್ತಿರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಊಟವಾದ ಮೇಲೆ ಫಲಕವನ್ನು ಮತ್ತೆ ಬಿಚ್ಚಿಸಿ, ಎಲ್ಲರೂ ಅದರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ನಾನೂ ಅಂಚಿನಲ್ಲಿ ನಿಂತಿದ್ದೇನೆ.

ಎರಡು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ನಮ್ಮ ಕಟ್ಟಡದ ಕನ್ನಡದವರ ಫೋನಿನ ಗುಂಪಿಗೆ ಸುದ್ದಿ ಬಂತು. ಸರ್ ಊರಿನಲ್ಲಿ ತೀರಿಕೊಂಡಿದ್ದರು, ಹೃದಯಾಘಾತ. ಸುದ್ದಿಯ ಜೊತೆ ಅದೇ ಫಲಕದ ಫೋಟೋ, ಕೆಳಗೆ ಅದರಲ್ಲಿದ್ದಂತೆಯೇ ಹೆಸರು. ನಾನು ನೋಡುತ್ತಿದ್ದಂತೆ ಒಂದರ ಹಿಂದೊಂದು ಸಂತಾಪಗಳು ಬರತೊಡಗಿದವು. ಒಬ್ಬೊಬ್ಬರೂ ಆ ಹೆಸರನ್ನೇ ಬರೆದು ಆತ್ಮಕ್ಕೆ ಶಾಂತಿ ಕೋರಿದರು. ಹತ್ತು, ಹದಿನೈದು, ಇಪ್ಪತ್ತು. ಎಲ್ಲವೂ ನಾನು ಕೊಟ್ಟ ಅಕ್ಷರಗಳು. ಗೋಡೆಗೆ ಅಂಟಿಸಿದ ಆ ಹಾಳೆಯನ್ನು ವಾರವಿಡೀ ನೋಡುತ್ತ ಕೂತಂತೆ ಆಯಿತು.

ಆ ಗುಂಪಿನಲ್ಲಿ ನಾನು ಅಲ್ಲಿಯವರೆಗೆ ಒಂದು ಸಾಲೂ ಬರೆದಿರಲಿಲ್ಲ. ‘ಹೆಸರು ತಪ್ಪಾಗಿದೆ, ತಪ್ಪು ನನ್ನದು. ಸರಿಯಾದ ಹೆಸರು’ ಎಂದು ಬರೆದು ನಿಂತೆ. ಬ ಇದ್ದಲ್ಲೆಲ್ಲ ಪ ಹಾಕಿದರೆ ಸಾಕೇ? ಉದುರಿದ ಸ್ವರಗಳು ಯಾವುವು? ಯಾವುದು ದೀರ್ಘ, ಯಾವುದಕ್ಕೆ ಒತ್ತು? ಮೂರು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದೆ. ಎಲ್ಲವೂ ಇರಬಹುದಾದ ಹೆಸರುಗಳೇ. ಊಹಿಸಿ ಬರೆದರೆ ಅದು ಎರಡನೇ ತಪ್ಪು.

ಸಂಜೆಯವರೆಗೆ ಕಾದು ಊರಿಗೆ ಫೋನ್ ಮಾಡಬಹುದಿತ್ತು. ಆದರೆ ಸಂತಾಪಗಳು ನಿಂತಿರಲಿಲ್ಲ. ನನ್ನ ಮೇಜಿನಿಂದಲೇ ಮಾಡಿದೆ. ಯಾರೋ ಎತ್ತಿ, ಅಕ್ಕನ ಕೈಗೆ ಕೊಟ್ಟರು. ಹಿಂದೆ ಬಹಳ ಜನರ ದನಿ ಕೇಳುತ್ತಿತ್ತು. ನಾನು ಏನೇನೋ ಹೇಳಿದೆ. ಕೊನೆಗೆ ಫಲಕದ ವಿಷಯ ಹೇಳಿದೆ.

“ಗೊತ್ತವ್ವ ನನಗ” ಎಂದರು. “ಅದನ್ನ ಗೋಡಿಗೆ ಹಾಕಿದ್ರು ಇವರು. ಬಂದವರೆಲ್ಲ ಇದು ಯಾರದು ಅಂತ ಕೇಳತಿದ್ರು. ಕುವೈತಿನಾಗ ನನ್ನ ಜೋಡಿ ಇದ್ದ ಒಬ್ಬಾಂವಂದು ಅಂತ ಹೇಳಿ ನಗತಿದ್ರು.”

“ಅಕ್ಕಾ, ಸರ್ ಹೆಸರು ಸರಿಯಾಗಿ ಬರೀಬೇಕು. ಅಲ್ಲಿ ಯಾರಾದ್ರೂ ಇದ್ರೆ ಫೋನ್ ಕೊಡಿ, ಕೇಳಿ ಬರ್ಕೊಳ್ತೇನೆ.”

ಅವರು ಫೋನು ಯಾರಿಗೂ ಕೊಡಲಿಲ್ಲ. ಹಿಂದಿನ ದನಿಗಳು ದೂರವಾದವು. ಎದ್ದು ಒಳಗೆ ಹೋದರೆಂದು ತೋರುತ್ತದೆ. ಒಂದು ಬಾಗಿಲು ಮುಚ್ಚಿತು.

“ಬರಕೋ” ಎಂದರು.

ಒಂದೊಂದೇ ಅಕ್ಷರ. ಪ್ರಾಸವಿಲ್ಲದೆ, ಒಡಪಿಲ್ಲದೆ. ಅವರು ನಿಂತಲ್ಲಿ ನಾನೂ ನಿಲ್ಲುತ್ತ ಬರೆದುಕೊಂಡೆ.

“ಬರಕೊಂಡೆಯೇನು?”

“ಬರ್ಕೊಂಡೆ ಅಕ್ಕಾ.”

“ಓದು.”

ಓದಿದೆ. ಸುತ್ತಲೂ ಊಟ ಮಾಡುತ್ತಿದ್ದವರಿದ್ದರು. ದನಿ ತಗ್ಗಿಸಿಯೇ ಓದಿದೆ.

“ಕೇಳಿಸಲಿಲ್ಲ” ಎಂದರು ಅಕ್ಕ. “ಗಟ್ಟಿ ಹೇಳವ್ವ.”

ಎದ್ದು ನಿಂತೆ. ಆಚೆ ಮೇಜಿನ ಫಿಲಿಪಿನೋ ಹುಡುಗಿ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಬಾಗಿಲ ಹತ್ತಿರ ನಿಂತಿದ್ದ ನಮ್ಮ ಈಜಿಪ್ಟಿನ ಮ್ಯಾನೇಜರ್ ಕೂಡ ತಿರುಗಿದರು. ಇಡೀ ಕೋಣೆಗೆ ಕೇಳುವಂತೆ, ಮೂರು ಪಕಾರಗಳ ಆ ಹೆಸರನ್ನು ಹೇಳಿದೆ.